ಕಾಡಿನ ಹೊಗೆಗೆ ಆಕಾಶದಲ್ಲೊಂದು ಕಾವಲು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಎನ್ನುತ್ತಾರೆ ನಮ್ಮ ಹಿರಿಯರು. ಚಳಿ ಎದ್ದುಹೋದ ಜಾಗದಲ್ಲಿ ಬಂದು ಕೂರುವುದು ಯಾವುದು ಹೇಳಿ? ಹೊಗೆ! ಜನವರಿ ಮುಗಿಯುತ್ತಿದ್ದಂತೆ ನಮ್ಮ ನಾಡಿನ ಎಲೆ ಉದುರುವ ಕಾಡುಗಳೆಲ್ಲ ಒಣಗಿ ನಿಲ್ಲುತ್ತವೆ. ಹುಲ್ಲು ಹಪ್ಪಳದಂತಾಗುತ್ತದೆ. ಲಂಟಾನದ ಪೊದೆಯಂತೂ ಕಡ್ಡಿ ಗೀರಿದರೆ ಸಾಕು ಎನ್ನುವ ಹಾಗೆ ಕಾದಿರುತ್ತದೆ. ಅಲ್ಲಿಂದ ಮಳೆ ಬೀಳುವವರೆಗೆ, ಅಂದರೆ ಏಪ್ರಿಲ್ ಮೇ ತನಕ, ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ, ಕುದುರೆಮುಖದ ಸುತ್ತಿನ ಊರುಗಳ ಹೆಂಗಸರು ಆಗಾಗ ತಲೆಯೆತ್ತಿ ಬೆಟ್ಟದ ಕಡೆ ನೋಡುತ್ತಾರೆ. ಹೊಗೆ ಎದ್ದಿದೆಯೇ? ಎದ್ದಿದ್ದರೆ ಎತ್ತ ಹೋಗುತ್ತಿದೆ? ನಮ್ಮ ಊರಿಗೆ ಬರುತ್ತದೆಯೇ?

ಓದುಗ ಸೋದರಿಯರೇ, ಈ ಮೂರು ಪ್ರಶ್ನೆಗಳಿಗೂ ಉತ್ತರ ಹುಡುಕಲು ಈಗ ಆಕಾಶದಲ್ಲಿ ಕಾವಲುಗಾರರಿದ್ದಾರೆ. ಉಪಗ್ರಹಗಳು ಎಂದರೆ ಟೀವಿ ನೋಡಲಿಕ್ಕೆ, ಮಳೆ ಹೇಳಲಿಕ್ಕೆ ಅಂತಷ್ಟೇ ನಮ್ಮಲ್ಲಿ ಬಹಳ ಜನರ ಭಾವನೆ. ಕಾಡಿನ ಬೆಂಕಿಯನ್ನು ಕಂಡುಹಿಡಿಯುವುದು, ಅದರ ಹೊಗೆ ಹರಡುವ ದಾರಿಯನ್ನು ಜಾಡು ಹಿಡಿಯುವುದು, ಬೆಂಕಿ ಆರಿದ ಮೇಲೆ ಎಷ್ಟು ಸುಟ್ಟಿತೆಂದು ಅಳೆಯುವುದು, ಇದನ್ನೆಲ್ಲ ಅವು ಮಾಡುತ್ತವೆ. ಇದು ವಿಜ್ಞಾನಿಗಳ ವಿಷಯ, ಅಡುಗೆಮನೆಯಲ್ಲಿ ಕೂತವಳಿಗೆ ಏಕೆ ಎಂದು ಕೇಳಬೇಡಿ. ಹೊಗೆಯ ವಿಷಯದಲ್ಲಿ ನಮಗಿಂತ ಹೆಚ್ಚು ಅನುಭವ ಯಾರಿಗಿದೆ? ಹಸಿ ಸೌದೆ ಒಲೆಯನ್ನು ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ತಾಯಂದಿರ ಮಕ್ಕಳು ನಾವು.

ನಾನಿರುವುದು ಬೆಂಗಳೂರಿನ ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ. ಒಂದು ಕಡೆ ಬೊಮ್ಮನಹಳ್ಳಿ, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿ. 2025ರ ಆಗಸ್ಟಿನಿಂದ ಮನೆಯ ಹತ್ತಿರವೇ ಮೆಟ್ರೋ ರೈಲೂ ಓಡುತ್ತಿದೆ. ಇಲ್ಲಿ ಕಾಡು ಎಲ್ಲಿಂದ ಬರಬೇಕು ಎನ್ನುತ್ತೀರಾ? ಬನ್ನೇರುಘಟ್ಟದ ಕಾಡು ದೂರವೇನಿಲ್ಲ. ಅದೂ ಬೇಸಿಗೆಯಲ್ಲಿ ಹತ್ತಿಕೊಳ್ಳುತ್ತದೆ. ಇನ್ನು ಬೆಳ್ಳಂದೂರು ಕೆರೆ! 2017ರ ಫೆಬ್ರವರಿ 16ರಂದು ಆ ಕೆರೆಯಿಂದ ಎದ್ದ ಹೊಗೆಯನ್ನು ಈ ಭಾಗದವರು ಮರೆತಿಲ್ಲ. 2018ರ ಜನವರಿ 19ರಂದು ಮತ್ತೆ ಹತ್ತಿಕೊಂಡಾಗ ಆರಿಸಲು ಸಾವಿರಾರು ಸೈನಿಕರೇ ಬರಬೇಕಾಯಿತು. ನೀರಿರಬೇಕಾದ ಕೆರೆಗೆ ಬೆಂಕಿ ಬೀಳುವ ಕಾಲ ಬಂತಲ್ಲ ಎಂದು ನಮ್ಮತ್ತೆ ಎಷ್ಟು ದಿನ ಹಲುಬಿದರೋ.

ನಮ್ಮತ್ತೆಗೆ ಉಬ್ಬಸ. ಹೊಗೆ ಎಂದರೆ ಅವರಿಗೆ ವಾಸನೆಯಲ್ಲ, ಎದೆಯ ಮೇಲೆ ಕೂತ ಭಾರ. ಎದುರಿನ ಖಾಲಿ ಸೈಟಿನಲ್ಲಿ ಯಾರೋ ಬೆಳಗಿನ ಜಾವ ಕಸಕ್ಕೆ ಕಡ್ಡಿ ಗೀರಿದರೆ ನಾವು ಏಳುವುದಕ್ಕೆ ಮುಂಚೆ ಅವರ ಕೆಮ್ಮು ಎದ್ದಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಹೊಗೆಯ ಸುದ್ದಿ ಎಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಈ ಉಪಗ್ರಹದ ವಿಷಯಕ್ಕೆ ನಾನು ಗಂಟುಬಿದ್ದದ್ದೂ ಹೀಗೆಯೇ.

ಪೀಣ್ಯದ ಶೆಡ್ಡಿನಿಂದ

ನಮ್ಮ ಬೆಂಗಳೂರಿಗೂ ಉಪಗ್ರಹಕ್ಕೂ ನಂಟು ಹಳೆಯದು. ಭಾರತದ ಮೊಟ್ಟಮೊದಲ ಉಪಗ್ರಹ ‘ಆರ್ಯಭಟ’ ತಯಾರಾದದ್ದು ಯಾವುದೋ ಅರಮನೆಯಂಥ ಪ್ರಯೋಗಶಾಲೆಯಲ್ಲಲ್ಲ, ನಮ್ಮ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ! ಅದರ ಮುಂದಾಳತ್ವ ವಹಿಸಿದವರು ಉಡುಪಿ ಬಳಿಯ ಅದಮಾರಿನ ಪ್ರೊಫೆಸರ್ ಯು. ಆರ್. ರಾವ್. 1975ರ ಏಪ್ರಿಲ್ 19ರಂದು ಅದು ರಷ್ಯದ ರಾಕೆಟ್ಟಿನಲ್ಲಿ ಮೇಲೇರಿತು. ಆಮೇಲೆ 1979ರಲ್ಲಿ ‘ಭಾಸ್ಕರ’, 1988ರ ಮಾರ್ಚ್ 17ರಂದು ಭೂಮಿಯ ಚಿತ್ರ ತೆಗೆಯುವ ‘ಐ.ಆರ್.ಎಸ್. 1ಎ’. ಅಲ್ಲಿಂದ ನೆಲ, ಕಾಡು, ಕೆರೆ, ಬೆಳೆಗಳನ್ನು ಮೇಲಿನಿಂದ ನೋಡಿ ಲೆಕ್ಕ ಹಾಕುವ ಕೆಲಸ ನಮ್ಮವರಿಗೆ ಕರಗತವಾಯಿತು.

ಇನ್ನು ಹಾಸನದವರು ಹೆಮ್ಮೆಪಡಬೇಕಾದ ಮಾತೊಂದು ಇದೆ. ಇನ್ಸಾಟ್ ಬಳಗದ ಉಪಗ್ರಹಗಳನ್ನು ಕೈಹಿಡಿದು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಹಾಸನದಲ್ಲಿ. ಹವಾಮಾನ ನೋಡುವ ಇನ್ಸಾಟ್-3ಡಿಆರ್ (2016ರಲ್ಲಿ ಹಾರಿದ್ದು) ಮತ್ತು ಇನ್ಸಾಟ್-3ಡಿಎಸ್ (2024ರ ಫೆಬ್ರವರಿ 17ರಂದು ಹಾರಿದ್ದು) ಇದೇ ಬಳಗದವು. ಇವು ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದು, ಭೂಮಿ ತಿರುಗುವ ವೇಗಕ್ಕೇ ಸರಿಯಾಗಿ ತಾವೂ ತಿರುಗುತ್ತವೆ. ಅದರಿಂದ ನಮ್ಮ ನೆತ್ತಿಯ ಮೇಲೆ ಒಂದೇ ಕಡೆ ನಿಂತಂತೆ ಇರುತ್ತವೆ. ಅರ್ಧ ಗಂಟೆಗೊಮ್ಮೆ ಇಡೀ ದೇಶದ ಚಿತ್ರ ಕಳಿಸುತ್ತವೆ.

ಇನ್ನೊಂದು ಜಾತಿಯ ಉಪಗ್ರಹಗಳು ಕೆಳಗೆ, ಏಳೆಂಟು ನೂರು ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ ಸುತ್ತುತ್ತಾ ದಿನಕ್ಕೆ ಒಂದೆರಡು ಬಾರಿ ನಮ್ಮ ಮೇಲೆ ಹಾದುಹೋಗುತ್ತವೆ. 2011ರಲ್ಲಿ ಹಾರಿದ ಅಮೆರಿಕದ ‘ಸುವೋಮಿ ಎನ್‌ಪಿಪಿ’ ಇಂಥದ್ದು. ಮಧ್ಯಾಹ್ನ ಒಂದೂವರೆ ಸುಮಾರಿಗೆ ಒಮ್ಮೆ, ರಾತ್ರಿ ಒಂದೂವರೆ ಸುಮಾರಿಗೆ ಒಮ್ಮೆ ಬರುತ್ತದೆ. ಒಂದು, ಮನೆಯ ಜಗಲಿಯ ಮೇಲೆ ಕೂತು ಬೀದಿ ನೋಡುತ್ತಲೇ ಇರುವ ಅಜ್ಜಿ. ಇನ್ನೊಂದು, ಹೊತ್ತು ಹೊತ್ತಿಗೆ ಬಂದು ಬೀದಿ ಸುತ್ತಿ ಹೋಗುವ ಬೀಟ್ ಪೊಲೀಸು. ಅಜ್ಜಿ ಸದಾ ನೋಡುತ್ತಾಳೆ, ಆದರೆ ದೃಷ್ಟಿ ಸ್ವಲ್ಪ ಮಂಜು. ಪೊಲೀಸು ಹತ್ತಿರದಿಂದ ನೋಡುತ್ತಾನೆ, ಆದರೆ ಸದಾ ಇರುವುದಿಲ್ಲ. ಬೆಂಕಿ ಹಿಡಿಯಲು ಇಬ್ಬರೂ ಬೇಕು.

ಚುಕ್ಕಿ ರಂಗೋಲಿಯ ಲೆಕ್ಕ

ಉಪಗ್ರಹದ ಚಿತ್ರವೆಂದರೆ ನಮ್ಮ ಚುಕ್ಕಿ ರಂಗೋಲಿ ಎಂದೇ ತಿಳಿಯಿರಿ. ನೆಲವನ್ನೆಲ್ಲ ಚುಕ್ಕಿ ಚುಕ್ಕಿಯಾಗಿ ಹಂಚಿಕೊಂಡು, ಒಂದೊಂದು ಚುಕ್ಕಿಯಿಂದ ಎಷ್ಟು ಬೆಳಕು ಬರುತ್ತಿದೆ, ಎಷ್ಟು ಶಾಖ ಬರುತ್ತಿದೆ ಎಂದು ಅದು ಅಳೆಯುತ್ತದೆ. ಚುಕ್ಕಿ ಹತ್ತಿರ ಹತ್ತಿರವಿದ್ದರೆ ರಂಗೋಲಿಯಲ್ಲಿ ಸಣ್ಣ ಎಳೆಯೂ ಕಾಣುತ್ತದೆ, ದೂರವಿದ್ದರೆ ದಪ್ಪ ಗೆರೆಯಷ್ಟೇ. 1999 ಮತ್ತು 2002ರಲ್ಲಿ ಹಾರಿದ ‘ಟೆರ್ರಾ’, ‘ಅಕ್ವಾ’ ಎಂಬ ಅಮೆರಿಕದ ಉಪಗ್ರಹಗಳು ಬೆಂಕಿ ಹುಡುಕುವ ಚುಕ್ಕಿ ಒಂದು ಕಿಲೋಮೀಟರಿನದು. ಸುವೋಮಿಯದು 375 ಮೀಟರ್. ಯೂರೋಪಿನ ‘ಸೆಂಟಿನೆಲ್-2’ರದು ಬರೀ 10 ಮೀಟರ್, ಅಂದರೆ ಒಂದು ಮನೆಯ ಸೈಟಿನಷ್ಟು! ಆದರೆ ಅದು ದಿನಾ ಬರುವುದಿಲ್ಲ.

ಶಾಖವನ್ನು ಅಷ್ಟು ಎತ್ತರದಿಂದ ಕಾಣುವುದು ಹೇಗೆ? ಕಣ್ಣು ಮುಚ್ಚಿ ಒಲೆಯ ಮುಂದೆ ಕೂತರೂ ಕೆನ್ನೆಗೆ ಬಿಸಿ ತಾಕುತ್ತದಲ್ಲ, ಅದು ಕಣ್ಣಿಗೆ ಕಾಣದ ಬೆಳಕು. ಅವಕೆಂಪು ಕಿರಣ ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿದೆಯೇ? ಬಿಸಿಲಿಗೆ ಕಾದ ಬಂಡೆಯೂ ಆ ಕಿರಣ ಸೂಸುತ್ತದೆ, ಉರಿಯುವ ಕಟ್ಟಿಗೆಯೂ ಸೂಸುತ್ತದೆ. ಆದರೆ ಎರಡರ ಕಿರಣದ ಜಾತಿ ಬೇರೆ. ಉರಿಯುವ ವಸ್ತು ಒಂದು ಬಗೆಯ ಗಿಡ್ಡ ಅಲೆಯ ಕಿರಣವನ್ನು ವಿಪರೀತ ಹೆಚ್ಚಾಗಿ ಚೆಲ್ಲುತ್ತದೆ. ಉಪಗ್ರಹ ಎರಡೂ ಅಲೆಗಳಲ್ಲಿ ನೋಡಿ ಹೋಲಿಸುತ್ತದೆ. ಒಂದು ಚುಕ್ಕಿ ಅಕ್ಕಪಕ್ಕದ ಚುಕ್ಕಿಗಳಿಗಿಂತ ಆ ಗಿಡ್ಡ ಅಲೆಯಲ್ಲಿ ಬಹಳ ಹೊಳೆದರೆ ‘ಇಲ್ಲಿ ಬೆಂಕಿ’ ಎಂದು ಗುರುತು ಹಾಕುತ್ತದೆ. ಹಾಗಾಗಿ 375 ಮೀಟರಿನ ಚುಕ್ಕಿಯೆಲ್ಲ ಉರಿಯಬೇಕಾಗಿಲ್ಲ, ಅದರ ಒಂದು ಮೂಲೆ ಉರಿದರೂ ಸಿಕ್ಕಿಬೀಳುತ್ತದೆ. ಒಂದು ಬೊಗಸೆ ಅಕ್ಕಿಯಲ್ಲಿ ಒಂದೇ ಕಲ್ಲಿದ್ದರೂ ಹಲ್ಲಿಗೆ ಸಿಗುವುದಿಲ್ಲವೇ, ಹಾಗೆ.

ತಪ್ಪು ಗುರುತೂ ಬರುತ್ತದೆ. ಇಟ್ಟಿಗೆ ಗೂಡು, ಕಾರ್ಖಾನೆಯ ಕುಲುಮೆ ಎಲ್ಲವೂ ಉಪಗ್ರಹಕ್ಕೆ ಬೆಂಕಿಯೇ. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ವರ್ಷವಿಡೀ ಕೆಂಪು ಚುಕ್ಕಿಯಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯವರು 2004ರಿಂದ ಈ ಚುಕ್ಕಿಗಳನ್ನು ಆರಿಸಿ, ಕಾಡಿನ ನಕ್ಷೆಯ ಮೇಲಿಟ್ಟು, ಆಯಾ ರಾಜ್ಯದ ಅರಣ್ಯ ಇಲಾಖೆಗೆ ತಿಳಿಸುತ್ತಾ ಬಂದಿದ್ದಾರೆ. 2017ರಿಂದ ಸುವೋಮಿಯ ಸಣ್ಣ ಚುಕ್ಕಿಗಳೂ ಸೇರಿದವು. ಯಾವ ವಲಯ, ಯಾವ ಗಸ್ತು ಎಂಬ ವಿವರದೊಂದಿಗೆ ಗಾರ್ಡಿನ ಮೊಬೈಲಿಗೇ ಸಂದೇಶ ಹೋಗುತ್ತದೆ. ಬೇಕೆಂದರೆ ನಮ್ಮಂಥ ಸಾರ್ವಜನಿಕರೂ ಹೆಸರು ಬರೆಸಿಕೊಂಡು ತಮ್ಮ ಜಿಲ್ಲೆಯ ಸಂದೇಶ ತರಿಸಿಕೊಳ್ಳಬಹುದು. ಕಾಡಂಚಿನ ಊರಿನ ಸೋದರಿಯರು ಇದನ್ನು ಗಮನಿಸಿ.

ಮೊಬೈಲಿಗೆ ಸಂದೇಶ ಬಂದರೆ ಬೆಂಕಿ ಆರಿತೇ? ಇಲ್ಲ. ಆಮೇಲೆ ಯಾರಾದರೂ ನಡೆದು ಹೋಗಬೇಕು. ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿಯಬೇಕು, ಬೆನ್ನಿಗೆ ಎಲೆ ಊದುವ ಯಂತ್ರ ಕಟ್ಟಿಕೊಂಡು ತರಗು ಸರಿಸಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಹೀಗೆ ಬೆಂಕಿಗೆ ಎದುರಾಗಿ ಹೋದ ಎಳೆಯ ವಯಸ್ಸಿನ ಗಾರ್ಡ್ ಒಬ್ಬರು ಹಿಂದಿರುಗಲಿಲ್ಲ. ಉಪಗ್ರಹದ ಮಹಿಮೆಯನ್ನು ಹೊಗಳುವಾಗ ಆ ತಾಯಿಯನ್ನು ನೆನೆಯದೆ ಇರಲು ನನ್ನಿಂದಾಗದು.

ಹೊಗೆಯೋ, ಮೋಡವೋ?

ಬೆಂಕಿಯ ಚುಕ್ಕಿ ಹುಡುಕುವುದು ಯಂತ್ರಕ್ಕೆ ಸುಲಭ. ಹೊಗೆಯ ಜಾಡು ಹಿಡಿಯುವುದಕ್ಕೆ ಕಣ್ಣು ಪಳಗಬೇಕು. ಮೇಲಿನಿಂದ ನೋಡಿದರೆ ಹೊಗೆಯೂ ಬೆಳ್ಳಗೆ, ಮೋಡವೂ ಬೆಳ್ಳಗೆ. ಹಾಗಾದರೆ ವ್ಯತ್ಯಾಸ ಹೇಗೆ?

ದೇವರ ಮುಂದೆ ಹಚ್ಚಿದ ಊದುಬತ್ತಿಯನ್ನು ಗಮನಿಸಿ. ಹೊಗೆ ಒಂದು ಬಿಂದುವಿನಿಂದ ಸಣ್ಣ ಎಳೆಯಾಗಿ ಹೊರಡುತ್ತದೆ, ಸ್ವಲ್ಪ ದೂರ ಹೋಗಿ ಅಗಲವಾಗುತ್ತದೆ, ಇನ್ನೂ ದೂರ ಹೋಗಿ ಹರಡಿ ಮಾಯವಾಗುತ್ತದೆ. ಕಾಡಿನ ಹೊಗೆಯೂ ಅಷ್ಟೇ. ಉಪಗ್ರಹದ ಚಿತ್ರದಲ್ಲಿ ಅದಕ್ಕೊಂದು ತವರುಮನೆ ಇರುತ್ತದೆ, ಆ ತುದಿಯಲ್ಲಿ ಬೆಂಕಿಯ ಚುಕ್ಕಿ. ಮೋಡಕ್ಕೆ ಅಂಥ ತವರಿಲ್ಲ. ಮೋಡದ ಅಂಚು ಅರಳಿದ ಹತ್ತಿಯ ಹಾಗೆ ಎದ್ದು ಕಾಣುತ್ತದೆ, ಕೆಳಗೆ ನೆರಳು ಬೀಳುತ್ತದೆ. ಹೊಗೆಯಾದರೆ ತೆಳು ಸೆರಗನ್ನು ಮುಖದ ಮೇಲೆಳೆದುಕೊಂಡ ಹಾಗೆ, ಕೆಳಗಿನ ಹೊಲ ರಸ್ತೆ ಕೆರೆ ಮಸುಕಾಗಿ ಕಾಣುತ್ತಲೇ ಇರುತ್ತವೆ. ಬಣ್ಣವೂ ಅಚ್ಚ ಬಿಳುಪಲ್ಲ, ನೀಲಿ ಬೆರೆತ ಬೂದು.

ಇದಕ್ಕೆ ಕಾರಣವೂ ಇದೆ. ಹೊಗೆಯ ಕಣ ಮೋಡದ ಹನಿಗಿಂತ ಎಷ್ಟೋ ಸಣ್ಣದು. ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಉದ್ದ ಅಲೆಯ ಅವಕೆಂಪು ಕಿರಣವನ್ನು ತಡೆಯಲಾರವು. ಹಾಗಾಗಿ ಅವಕೆಂಪು ಕಣ್ಣಿನಲ್ಲಿ ನೋಡಿದರೆ ಹೊಗೆ ಸರಿದು ಅದರ ಕೆಳಗಿನ ಬೆಂಕಿ ಕಾಣುತ್ತದೆ! ದಪ್ಪ ಮೋಡವಾದರೆ ಏನೂ ಕಾಣುವುದಿಲ್ಲ. ಯೂರೋಪಿನವರು 2017ರಲ್ಲಿ ಹಾರಿಸಿದ ‘ಸೆಂಟಿನೆಲ್-5ಪಿ’ ಎಂಬುದು ಮತ್ತೂ ಜಾಣ. ಹೊಗೆಯೊಳಗಿನ ಮಸಿ ಅತಿನೇರಳೆ ಕಿರಣವನ್ನು ನುಂಗುವುದನ್ನೂ, ಬೆಂಕಿಯಿಂದ ಹೊರಟ ಇಂಗಾಲದ ಮಾನಾಕ್ಸೈಡ್ ಅನಿಲವನ್ನೂ ಅದು ಅಳೆಯುತ್ತದೆ. ಹೊಗೆ ತೆಳುವಾಗಿ ಬರಿಗಣ್ಣಿಗೆ ಮರೆಯಾದ ಮೇಲೂ ಆ ಅನಿಲದ ಜಾಡು ಉಳಿದಿರುತ್ತದೆ.

ಇನ್ನು ಹರಡುವ ವೇಗ. ಇದಂತೂ ಏಳನೇ ಕ್ಲಾಸಿನ ಲೆಕ್ಕ. ಅರ್ಧ ಗಂಟೆ ಅಂತರದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಡಿ. ಹೊಗೆಯ ತುದಿ ಹತ್ತು ಕಿಲೋಮೀಟರ್ ಮುಂದೆ ಸರಿದಿದ್ದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ. ನಿಮ್ಮೂರು ಅದೇ ದಿಕ್ಕಿನಲ್ಲಿ ನಲವತ್ತು ಕಿಲೋಮೀಟರ್ ಆಚೆ ಇದ್ದರೆ ನಿಮಗೆ ಎರಡು ಗಂಟೆ ಪುರಸೊತ್ತು. ಒಣಗಿದ ಬಟ್ಟೆ ಒಳಗೆ ತಂದು, ಹಪ್ಪಳ ಸಂಡಿಗೆಯ ಚಾಪೆ ಸುತ್ತಿ, ಕಿಟಕಿ ಮುಚ್ಚಲು ಬೇಕಾದಷ್ಟು ಸಮಯ. ಆದರೆ ಗಾಳಿ ದಿಕ್ಕು ಬದಲಿಸಬಾರದು, ಅಷ್ಟೇ.

ಅಮೆರಿಕದಲ್ಲಿ ಇದಕ್ಕೆಂದೇ ಜನ ಕೂತಿರುತ್ತಾರೆ. ಅವರ ಹವಾಮಾನ ಸಂಸ್ಥೆಯಲ್ಲಿ ಉಪಗ್ರಹದ ಚಿತ್ರಗಳನ್ನು ಓಡಿಸಿ ನೋಡುತ್ತಾ, ಹೊಗೆಯ ಸುತ್ತ ಕೈಯಾರೆ ಗೆರೆ ಎಳೆದು, ಇದು ತೆಳು, ಇದು ಮಧ್ಯಮ, ಇದು ದಟ್ಟ ಎಂದು ಗುರುತಿಸಿ ದಿನಾ ನಕ್ಷೆ ಹೊರಡಿಸುತ್ತಾರೆ. ಕಂಪ್ಯೂಟರ್ ಇಷ್ಟು ಮುಂದುವರಿದರೂ ಹೊಗೆ ಗುರುತಿಸಲು ಪಳಗಿದ ಕಣ್ಣೇ ಬೇಕು ನೋಡಿ! 2023ರ ಜೂನ್ 7ರಂದು ನ್ಯೂಯಾರ್ಕಿನ ಆಕಾಶ ಹಾಡುಹಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಟೀವಿಯಲ್ಲಿ ನೋಡಿರಬಹುದು. ಆ ಹೊಗೆ ಬಂದದ್ದು ನೂರಾರು ಮೈಲಿ ಆಚೆ ಕೆನಡಾದ ಕ್ವಿಬೆಕ್ ಕಾಡುಗಳಿಂದ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು ಅವತ್ತು ಫೋನಿನಲ್ಲಿ, “ಚಿಕ್ಕಮ್ಮಾ, ಇಲ್ಲಿ ಮಧ್ಯಾಹ್ನಕ್ಕೇ ದೀಪ ಹಾಕಿದೀವಿ, ಮಗೂನ ಸ್ಕೂಲಿಂದ ಹೊರಗೆ ಆಡೋಕೆ ಬಿಡ್ತಿಲ್ಲ” ಅಂದಳು. 2020ರ ಜನವರಿಯಲ್ಲಿ ಆಸ್ಟ್ರೇಲಿಯದ ಕಾಡಿನ ಹೊಗೆ ಪೆಸಿಫಿಕ್ ಸಾಗರ ದಾಟಿ ದಕ್ಷಿಣ ಅಮೆರಿಕ ಮುಟ್ಟಿ, ಕೊನೆಗೆ ಭೂಮಿಯನ್ನೇ ಒಂದು ಸುತ್ತು ಹಾಕಿತು. ಅದನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿದ್ದು ಉಪಗ್ರಹಗಳೇ.

2019ರ ಬಂಡೀಪುರ

ಈಗ ನಮ್ಮ ಮನೆಬಾಗಿಲಿನ ಕಥೆಗೆ ಬರೋಣ. 2019ರ ಫೆಬ್ರವರಿ 21ರಿಂದ 25ರವರೆಗೆ ಬಂಡೀಪುರ ಹೊತ್ತಿ ಉರಿಯಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಇಳಿಜಾರುಗಳೆಲ್ಲ ಕಪ್ಪಾದವು. 25ನೇ ತಾರೀಕು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ದೊಡ್ಡ ಬಕೆಟ್ಟಿನಲ್ಲಿ ನೀರು ತಂದು ಸುರಿದವು. ಅದೇ ವಾರ, 23ರಂದು, ಯಲಹಂಕದಲ್ಲಿ ವಿಮಾನ ಪ್ರದರ್ಶನಕ್ಕೆ ಬಂದವರ ಸುಮಾರು ಮುನ್ನೂರು ಕಾರುಗಳೂ ಸುಟ್ಟುಹೋದದ್ದು ನಿಮಗೆ ನೆನಪಿರಬಹುದು. ನನಗೆ ಆಗಲೂ ಒಂದು ಕೊರಗಿತ್ತು: ಬೆಂಗಳೂರಿನಲ್ಲಿ ಬಾಯಿಬಾಯಿಗೆ ಬಂದದ್ದು ಕಾರಿನ ಸುದ್ದಿ, ಕಾಡಿನದ್ದಲ್ಲ.

ನನ್ನ ನಾದಿನಿಯನ್ನು ಕೊಟ್ಟಿರುವುದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗೆ. ನಮ್ಮತ್ತೆ ಆ ವಾರ ಮಗಳ ಮನೆಯಲ್ಲೇ ಇದ್ದರು. ಶನಿವಾರ ಬೆಳಿಗ್ಗೆ ನಾದಿನಿಯ ಫೋನು. “ಅತ್ತಿಗೆ, ಬೆಟ್ಟದ ಕಡೆ ಹೊಗೆ ಎದ್ದದೆ. ಅಮ್ಮಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಕಳಿಸಿಕೊಡೋದಾ, ಇಲ್ಲೇ ಇಟ್ಕೊಳೋದಾ, ಏನ್ ಮಾಡ್ಲಿ?” ಉಬ್ಬಸದವರನ್ನು ಬಸ್ಸಿನಲ್ಲಿ ಐದಾರು ಗಂಟೆ ಕೂರಿಸುವುದೂ ಸುಲಭವಲ್ಲ. ಯಜಮಾನರು ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದರು. ಪಿ.ಯು.ಸಿ. ಓದುತ್ತಿದ್ದ ಮಗ ಕಂಪ್ಯೂಟರ್ ತೆರೆದು, ಅಮೆರಿಕದ ನಾಸಾದವರು ‘ವರ್ಲ್ಡ್‌ವ್ಯೂ’ ಎಂಬ ಹೆಸರಿನಲ್ಲಿ ಪುಕ್ಕಟೆಯಾಗಿ ತೋರಿಸುವ ಉಪಗ್ರಹ ಚಿತ್ರ ಹಾಕಿದ. ಕಂದು ಬಣ್ಣದ ಕಾಡಿನ ಮೇಲೆ ಕೆಂಪು ಚುಕ್ಕಿಗಳು. ಅವುಗಳಿಂದ ಹೊರಟ ಬೂದು ಎಳೆ ನಾದಿನಿಯ ಊರನ್ನು ಬಿಟ್ಟು ಆಚೆ ಕಡೆ ವಾಲಿತ್ತು.

“ಹಾಗಾದ್ರೆ ಭಯವಿಲ್ಲ ಅಲ್ವೇನೋ?” ಅಂದೆ.

“ಅಮ್ಮಾ, ಇದು ಮಧ್ಯಾಹ್ನದ ಚಿತ್ರ. ಅಜ್ಜಿಗೆ ಕಷ್ಟ ಆಗ್ತಿರೋದು ರಾತ್ರಿ” ಎಂದ ಮಗ.

ಹುಡುಗನ ಮಾತಿನಲ್ಲಿ ಹುರುಳಿತ್ತು. ಹಗಲು ನೆಲ ಕಾದು ಗಾಳಿ ಮೇಲಕ್ಕೇರುತ್ತದೆ, ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ರಾತ್ರಿ ನೆಲ ತಣ್ಣಗಾದಾಗ ತಣ್ಣನೆಯ ಗಾಳಿ ಕೆಳಗೇ ಕೂರುತ್ತದೆ, ಅದರ ಮೇಲೆ ಬಿಸಿಗಾಳಿಯ ಮುಚ್ಚಳ. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಹೊಗೆ ತಗ್ಗಿನಲ್ಲಿ, ಕಣಿವೆಯಲ್ಲಿ, ಹಳ್ಳಿಯ ಮನೆಗಳ ನಡುವೆ ನಿಲ್ಲುತ್ತದೆ. ಬೆಳಗಿನ ಜಾವಕ್ಕೆ ಬಹಳ ಜಾಸ್ತಿ. ಉಪಗ್ರಹದ ಶಾಖದ ಕಣ್ಣು ರಾತ್ರಿಯೂ ಕೆಲಸ ಮಾಡುತ್ತದೆ, ಹಾಗಾಗಿ ಬೆಂಕಿಯ ಚುಕ್ಕಿ ರಾತ್ರಿಯೂ ಕಾಣುತ್ತದೆ. ಆದರೆ ಹೊಗೆಯನ್ನು ಕಾಣಲು ಬಿಸಿಲ ಬೆಳಕು ಬೇಕು. ಜೊತೆಗೆ, ಹೊಗೆ ಎಷ್ಟು ಎತ್ತರದಲ್ಲಿದೆ ಎಂಬುದು ಮೇಲಿನಿಂದ ತೆಗೆದ ಮಾಮೂಲಿ ಚಿತ್ರದಲ್ಲಿ ತಿಳಿಯುವುದಿಲ್ಲ. ಎರಡು ಕಿಲೋಮೀಟರ್ ಮೇಲೆ ತೇಲುವ ಹೊಗೆಯೂ, ನಮ್ಮ ಮೂಗಿನ ಮಟ್ಟದ ಹೊಗೆಯೂ ಅಲ್ಲಿ ಒಂದೇ ಬೂದು.

ಬೆಂಕಿ ಇನ್ನೂ ಎರಡು ಮೂರು ದಿನ ಆರುವ ಹಾಗೆ ಕಾಣಲಿಲ್ಲ. ಚುಕ್ಕಿಗಳು ದಿನದಿಂದ ದಿನಕ್ಕೆ ಹೆಚ್ಚಾಗಿದ್ದವು. ಅದನ್ನೇ ನೋಡಿ ತೀರ್ಮಾನ ಮಾಡಿದೆವು. ನಾದಿನಿಯ ಗಂಡ ಅವತ್ತು ಸಂಜೆಯೊಳಗೆ ಅತ್ತೆಯನ್ನು ಮೈಸೂರಿನ ನೆಂಟರ ಮನೆಗೆ ಬಿಟ್ಟು ಬಂದರು. ಒಂದು ವಾರ ಅಲ್ಲಿದ್ದು ಸಿಂಗಸಂದ್ರಕ್ಕೆ ಬಂದರು. ಅಲ್ಲಿಯೇ ಉಳಿದಿದ್ದ ಪಕ್ಕದ ಮನೆಯ ಮುದುಕರೊಬ್ಬರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತಂತೆ.

ಬೆಂಕಿ ಆರಿದ ಮೇಲೆ ಎಷ್ಟು ಸುಟ್ಟಿತು ಎಂಬ ಜಗಳ ಶುರುವಾಯಿತು. ಒಬ್ಬರು ಒಂದು ಲೆಕ್ಕ, ಇನ್ನೊಬ್ಬರು ಇನ್ನೊಂದು. ಹೈದರಾಬಾದಿನಲ್ಲಿರುವ ಇಸ್ರೋದ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದವರು ಉಪಗ್ರಹ ಚಿತ್ರ ನೋಡಿ ಸುಮಾರು 4,420 ಹೆಕ್ಟೇರ್, ಅಂದರೆ 10,920 ಎಕರೆ ಎಂದರು. ಹಸಿರೆಲೆ ಕಣ್ಣಿಗೆ ಕಾಣದ ಒಂದು ಬಗೆಯ ಕೆಂಪು ಕಿರಣವನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ, ಸುಟ್ಟ ಬೂದಿ ಎಸೆಯುವುದಿಲ್ಲ. ಬೆಂಕಿಗೆ ಮುಂಚಿನ ಚಿತ್ರ, ನಂತರದ ಚಿತ್ರ ಎರಡನ್ನೂ ಹೋಲಿಸಿದರೆ ಸುಟ್ಟ ಜಾಗ ತಾನಾಗಿ ಎದ್ದು ಕಾಣುತ್ತದೆ. ದೋಸೆ ಕಾವಲಿಯ ಮೇಲೆ ಸೀದ ಜಾಗ ಬೇರೆಯಾಗಿ ಕಾಣುವ ಹಾಗೆ.

ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ಸುಟ್ಟ ಮೊಲದ ಫೋಟೋ, ಮರಿಯನ್ನು ತಬ್ಬಿದ ಕೋತಿಯ ಫೋಟೋ ಬಂಡೀಪುರದ್ದೆಂದು ಓಡಾಡಿ ಎಷ್ಟು ಜನ ಕಣ್ಣೀರಿಟ್ಟರು! ಆಮೇಲೆ ತಿಳಿಯಿತು, ಮೊಲದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಬೆಂಕಿಯ ಚಿತ್ರ, ಕೋತಿಯದೂ ನಮ್ಮ ಕಾಡಿನದಲ್ಲ. ಬಂಡೀಪುರದ ನಿಜವಾದ ದುಃಖ ಏನು ಕಡಿಮೆಯಿತ್ತೆಂದು ಬೇರೆ ಊರಿನ ಚಿತ್ರ ತಂದರೋ ಕಾಣೆ.

ಬೆಂಕಿಗೆ ಕಾವಲು ಸಾಕೇ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ‘ತರಗು ಬೆಂಕಿ’ ಎಂದು ಇಡುತ್ತಿದ್ದರು. ಬೇಸಿಗೆಯ ಆರಂಭದಲ್ಲೇ, ತರಗೆಲೆ ಇನ್ನೂ ಹೆಚ್ಚು ಬಿದ್ದಿರದಾಗ, ನೆಲಮಟ್ಟದಲ್ಲಿ ಸಣ್ಣಗೆ ಸುಟ್ಟು ಬಿಡುವುದು. ಎಳೆ ಹುಲ್ಲು ಚಿಗುರುತ್ತದೆ, ಲಂಟಾನ ತಲೆಯೆತ್ತುವುದಿಲ್ಲ, ಮುಂದೆ ದೊಡ್ಡ ಬೆಂಕಿಗೆ ಸೌದೆಯೂ ಸಿಗುವುದಿಲ್ಲ ಎಂಬುದು ಅವರ ಮಾತು. 1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಆ ಬೆಟ್ಟ ವನ್ಯಧಾಮವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿತು. ಈಗ ವಿಜ್ಞಾನಿಗಳಲ್ಲೇ ಕೆಲವರು ಸೋಲಿಗರ ಮಾತಿನಲ್ಲಿ ಅರ್ಥವಿದೆ ಎನ್ನುತ್ತಾರೆ, ಅರಣ್ಯ ಇಲಾಖೆ ಒಪ್ಪುವುದಿಲ್ಲ. ನನಗಂತೂ ಅಜ್ಜಿಯರ ಅಡುಗೆಯನ್ನು ತಿಂದು ಬೆಳೆದವಳಾಗಿ, ಕಾಡಿನಲ್ಲಿ ಬಾಳಿದವರನ್ನು ಒಂದು ಮಾತು ಕೇಳಿ ಎನ್ನಿಸುತ್ತದೆ. ಉಪಗ್ರಹ ಬೆಂಕಿಯನ್ನು ಕಾಣಬಲ್ಲದು, ಅದು ಕಾಡಿನ ಹಿತಕ್ಕೆ ಇಟ್ಟದ್ದೋ ಹಗೆಗೆ ಇಟ್ಟದ್ದೋ ಹೇಳಲಾರದು.

ಮನುಷ್ಯರು ಉಪಗ್ರಹಕ್ಕೂ ಚಳ್ಳೆಹಣ್ಣು ತಿನ್ನಿಸಬಲ್ಲರು! ಪಂಜಾಬ್, ಹರಿಯಾಣದಲ್ಲಿ ಅಕ್ಟೋಬರ್ ನವೆಂಬರಿನಲ್ಲಿ ಭತ್ತದ ಕೂಳೆ ಸುಡುತ್ತಾರೆ, ದೆಹಲಿಗೆ ಹೊಗೆ ಮುಸುಕುತ್ತದೆ. ಉಪಗ್ರಹ ಚುಕ್ಕಿ ಎಣಿಸಿ ದಂಡ ಹಾಕುತ್ತಾರೆ. 2024ರಲ್ಲಿ ಚುಕ್ಕಿ ಕಡಿಮೆ, ಹೊಗೆ ಮಾತ್ರ ಹಾಗೇ! ಏಕೆಂದು ನೋಡಿದರೆ, ಮಧ್ಯಾಹ್ನ ಒಂದೂವರೆಗೆ ಹಾದುಹೋಗುವ ಉಪಗ್ರಹ ಅತ್ತ ಹೋದ ಮೇಲೆ ಸಂಜೆಯ ಹೊತ್ತು ಬೆಂಕಿ ಇಡುತ್ತಿದ್ದಾರೆ ಎಂದು ನಾಸಾದ ವಿಜ್ಞಾನಿ ಹಿರೇನ್ ಜೇಠ್ವಾ ಹೇಳಿದರು. ಅದನ್ನು ಅವರು ಕಂಡದ್ದು ಒಂದೇ ಕಡೆ ನಿಂತು ನೋಡುವ ಕೊರಿಯಾದ ಉಪಗ್ರಹದ ಚಿತ್ರದಲ್ಲಿ. ಪೊಲೀಸು ಹೋದದ್ದನ್ನು ನೋಡಿಕೊಂಡು ಕಳ್ಳ ಹೊರಟ, ಜಗಲಿಯ ಅಜ್ಜಿ ಕಂಡಳು!

ನಿಮ್ಮ ಮನೆಯಲ್ಲಿ

ಬೆಂಗಳೂರಿನಲ್ಲಾದರೆ ಪೀಣ್ಯ, ಸಿಲ್ಕ್ ಬೋರ್ಡ್, ಜಯನಗರ ಹೀಗೆ ಕೆಲವು ಕಡೆ ಗಾಳಿಯ ಗುಣ ಅಳೆಯುವ ಯಂತ್ರಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಎಂಬ ಆ್ಯಪಿನಲ್ಲಿ ಅಂಕಿ ಸಿಗುತ್ತದೆ. ನೂರರೊಳಗಿದ್ದರೆ ಪರವಾಗಿಲ್ಲ, ಇನ್ನೂರು ದಾಟಿದರೆ ಕೆಟ್ಟದ್ದು, ನಾನೂರು ದಾಟಿದರೆ ಬಹಳ ಅಪಾಯ. ಆದರೆ ನಮ್ಮ ಸಣ್ಣ ಊರುಗಳಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ, ಆ ಯಂತ್ರ ಎಲ್ಲಿದೆ? ಅದಕ್ಕೇ ನಾನು ಈ ಉಪಗ್ರಹದ ವಿಷಯವನ್ನು ಇಷ್ಟುದ್ದ ಬರೆದದ್ದು. ಮೇಲಿನ ಕಣ್ಣಿಗೆ ಬೆಂಗಳೂರೂ ಒಂದೇ, ಗುಂಡ್ಲುಪೇಟೆಯೂ ಒಂದೇ. ಮನೆಯ ಹುಡುಗರು ಮೊಬೈಲಿನಲ್ಲಿ ಬೇಕಿಲ್ಲದ್ದನ್ನೆಲ್ಲ ನೋಡುತ್ತಾರಲ್ಲ, ಬೇಸಿಗೆಯಲ್ಲಿ ದಿನಕ್ಕೊಮ್ಮೆ ವರ್ಲ್ಡ್‌ವ್ಯೂ ತೆಗೆದು ನಮ್ಮೂರ ಕಡೆಯ ಕೆಂಪು ಚುಕ್ಕಿ, ಹೊಗೆಯ ದಿಕ್ಕು ನೋಡಿ ಹೇಳು ಎನ್ನಿ. ಸಂಜೆ ಹೊತ್ತು ಬೆಟ್ಟದ ಕಡೆ ನೀವೂ ಒಮ್ಮೆ ನೋಡಿ. ಎರಡೂ ಸೇರಿದರೆ ಲೆಕ್ಕ ಸರಿಯಾಗುತ್ತದೆ. ಕಣ್ಣಿಗೆ ಬೆಂಕಿ ಕಂಡರೆ ಉಪಗ್ರಹ ಹೇಳೀತೆಂದು ಕಾಯಬೇಡಿ, ಕೂಡಲೇ 112ಕ್ಕೆ ಫೋನ್ ಮಾಡಿ.

ಹೊಗೆ ಬಂದೇ ಬಂದರೆ? ಹೊಗೆಯಲ್ಲಿ ಕೆಡುಕು ಮಾಡುವುದು ‘ಪಿಎಂ 2.5’ ಎಂಬ ಕಣ, ನಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಸೆರಗು ಮುಚ್ಚಿಕೊಂಡರೆ, ಒದ್ದೆ ಟವೆಲ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಎನ್-95 ಮಾಸ್ಕ್ ಮನೆಯಲ್ಲಿದ್ದರೆ ಅದು ಕೆಲಸಕ್ಕೆ ಬರುತ್ತದೆ, ಕೆನ್ನೆಗೆ ಸಂದಿಯಿಲ್ಲದಂತೆ ಕೂರಬೇಕು. ತೀರ ಎಳೆಯ ಮಕ್ಕಳಿಗೆ ಮಾತ್ರ ಹಾಕಬೇಡಿ. ಕಿಟಕಿ ಬಾಗಿಲು ಬೆಳಗಿನ ಜಾವ ಮುಚ್ಚಿರಲಿ, ಬಿಸಿಲೇರಿ ಹೊಗೆ ಮೇಲೆದ್ದ ಮೇಲೆ ತೆರೆಯಿರಿ. ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ. ಆ ದಿನಗಳಲ್ಲಿ ಸೊಳ್ಳೆಬತ್ತಿ, ಧೂಪ, ಸಾಂಬ್ರಾಣಿ ಬೇಡ, ದೇವರಿಗೆ ಎಣ್ಣೆ ದೀಪ ಒಂದು ಸಾಕು, ಅವನೇನೂ ಮುನಿಯುವುದಿಲ್ಲ. ಮೆಣಸಿನಕಾಯಿ ಹುರಿಯುವುದು, ಕರಿಯುವುದು ಮುಂದಕ್ಕೆ ಹಾಕಿ, ಬೇಯಿಸಿದ ಅಡುಗೆ ಮಾಡಿ. ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಹೊರಗೆ ಒಣಗಿದ ಬಟ್ಟೆಯನ್ನು ಜಾಡಿಸಿಯೇ ಒಳಗೆ ತನ್ನಿ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ.

ಉಬ್ಬಸದವರು, ಹೃದಯದ ಕಾಯಿಲೆಯವರು, ಬಸುರಿಯರು, ಮಕ್ಕಳು ಮನೆಯಲ್ಲಿದ್ದರೆ ಔಷಧಿ, ಇನ್ಹೇಲರ್ ಒಂದು ತಿಂಗಳಿಗಾಗುವಷ್ಟು ಶಿವರಾತ್ರಿಗೆ ಮುಂಚೆಯೇ ತಂದಿಡಿ. ಹಬೆ ತೆಗೆದುಕೊಂಡರೆ ಗಂಟಲಿಗೆ ಹಿತವೆನಿಸಬಹುದು, ಒಳಗೆ ಹೋದ ಕಣ ಹೊರಬರುವುದಿಲ್ಲ. ಮಾತಾಡುವಾಗ ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಕಷಾಯ ಕಾಯಿಸುತ್ತಾ ಹೊತ್ತು ಕಳೆಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.